ಮಾರಮ್ಮನ ಪೆಟ್ಟಿಗೆಯ ಬೀಗದಕೈ

ಯಲಹಂಕದ ಬಸ್ ನಿಲ್ದಾಣದಲ್ಲಿ ಗಂಗರತ್ನಮ್ಮ ಕನಕಾಂಬರದ ಬುಟ್ಟಿ ಇಳಿಸಿ ಉಸ್ಸಪ್ಪಾ ಎಂದು ಕೂತಿದ್ದಷ್ಟೇ, ಅವಳ ಕಿವಿ ಪಕ್ಕದಲ್ಲಿದ್ದ ಇಬ್ಬರ ಕಡೆ ಹೋಯಿತು. ನರೆತ ಮೀಸೆಯ ಹಿರಿಯ ದೊಡ್ಡದೊಂದು ಬೀಗದಕೈ ಹಿಡಿದು ಚಾಚುತ್ತಿದ್ದ. ಕಾರ್ಖಾನೆಯ ಖಾಕಿ ತೊಟ್ಟ ಕಿರಿಯ ಅದನ್ನು ಮುಟ್ಟಲೊಲ್ಲ.

“ಮಾರಮ್ಮನ ಒಡವೆ ಪೆಟ್ಟಿಗೆ ಇನ್ಮೇಲೆ ನಿನ್ ಮನೇಲಿರ್ಲಿ ಮುನಿಯಣ್ಣ. ಊರೋರೆಲ್ಲಾ ಒಪ್ಪವ್ರೆ.”

“ದೇವ್ರೇ ಇಲ್ಲ ಅನ್ನೋನು ನಾನು. ನನ್ ಕೈಗ್ಯಾಕೆ ಮಾಮ?”

“ಅದ್ಕೇ ಕಣೋ! ಪೂಜಾರಪ್ಪನ ಮನೇಲಿ ಇಟ್ವಿ. ಅಮ್ಮ ಕನಸಲ್ಲಿ ಬಂದು ಕೊಟ್ಲು ಅಂತ ಡಾಬು ತಗ್ದು ಮಗಳ ಮದ್ವೇಲಿ ಆಕ್ಬುಟ್ಟ.”

“ಪಟೇಲ್ರ ಮನೇಲಿಡಿ.”

“ಇಟ್ಟಿದ್ವಲ್ಲ! ಅವ್ರ ಸೊಸೆ ಕನಸಿಗೂ ಬಂದ್ಲಂತೆ. ಮೂಗುಬೊಟ್ಟು ಕೊಟ್ಲಂತೆ.”

ಗಂಗರತ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹಂಗಾದ್ರೆ ಅಮ್ಮನ್ ಮೇಲೇ ನಂಬ್ಕೆ ಇಲ್ವಾ ನಿಮ್ಗೆ?”

“ಅಮ್ಮನ್ ಮೇಲೆ ಬೆಟ್ಟದಷ್ಟೈತೆ. ಅವ್ಳ ಭಕ್ತರ ನಿದ್ದೆ ಮೇಲೆ ಇಲ್ಲ.”

ಮುನಿಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

“ಆಯ್ತು ಕೊಡಿ. ಆದ್ರೆ ನಾನು ಕೈ ಮುಗಿಯಲ್ಲ, ಊದ್ಗಡ್ಡಿ ಹಚ್ಚಲ್ಲ.”

“ಬ್ಯಾಡ. ಬೀಗ ಆಕು, ಸಾಕು.”

ಅವನು ಬೀಗದಕೈಯನ್ನು ಉಡಿದಾರಕ್ಕೆ ಬಿಗಿದುಕೊಳ್ಳುವಷ್ಟರಲ್ಲಿ ಬಸ್ ಬಂತು. ಇಬ್ಬರೂ ಓಡಿದರು. ಹತ್ತುತ್ತಾ ಮುನಿಯಣ್ಣ ತಿರುಗಿ ಕೇಳಿದ.

“ಮಾಮ, ನನ್ ಕನಸಿಗೂ ಬಂದ್ಬುಟ್ರೆ?”

ಹಿಂದೆಯೇ ಹತ್ತಿದ ಹಿರಿಯನ ದನಿ, ಹೊರಟ ಬಸ್ಸಿನೊಳಗಿಂದ ಗಂಗರತ್ನಮ್ಮನಿಗೆ ಕೇಳಿಸಿತು.

“ಕೊನೆಗೂ ನಿಂಗೆ ಭಕ್ತಿ ಬಂತು ಅಂತ ಊರಿಗೆಲ್ಲಾ ಪಾಯ್ಸ ಉಣ್ಣಿಸ್ತೀನಿ ಕಣೋ! ಬೀಗದಕೈ ಮಾತ್ರ ಅವತ್ತೇ ವಾಪಸ್ ಕೊಟ್ಬುಡು.”