ತೊಡೆಯ ಮೇಲಿನ ಇಸ್ತ್ರಿಪೆಟ್ಟಿಗೆ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಕಿಟಕಿಯ ಕಡೆಯವಳು ಕೆಂಡದ ಇಸ್ತ್ರಿಪೆಟ್ಟಿಗೆಯೊಂದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಪಕ್ಕದಲ್ಲಿದ್ದವಳು ಅವಳ ನಾದಿನಿ.

“ಅತ್ತಿಗೆ, ಕಾರ್ಪೊರೇಷನ್ನೋರು ಹೊಗೆ ನಿಲ್ಲಿಸ್ಬೇಕು, ಹಳೇದನ್ನ ಈಗ್ಲೇ ಒಪ್ಪಿಸಿ, ಕರೆಂಟಿಂದು ಆಮೇಲೆ ಕೊಡ್ತೀವಿ ಅಂದಿದ್ರಲ್ಲ?”

“ಆಮೇಲೆ ಅಂದ್ರೆ ಯಾವಾಗ ಅಂತ ಕೇಳ್ದೆ. ಬಂದಾಗ ಅಂದ್ರು.”

“ಅಯ್ಯೋ! ಅಲ್ಲೀವರೆಗೂ ಹೊಟ್ಟೆಗೆ?”

“ಅದನ್ನೇ ಕೇಳ್ದೆ, ತುಂಬಿದ ಮೀಟಿಂಗಲ್ಲಿ! ಆ ಹೊಗೆ ಮೊದ್ಲು ಹೋಗೋದು ನನ್ನ ಕಣ್ಣಿಗೇ ಸ್ವಾಮಿ, ನಂಗೂ ಬೇಡ. ಆದ್ರೆ ಈ ಕೈಲಿ ಇಸ್ಕೊಳ್ಳಿ, ಆ ಕೈಲಿ ಕೊಡಿ ಅಂದೆ. ಹಿಂದೆ ಕೂತಿದ್ದ ಇಸ್ತ್ರಿಯೋರೆಲ್ಲ ಎದ್ದು ನಿಂತ್ಬಿಟ್ರು ಕಣೇ!”

“ಒಪ್ಪಿದ್ರಾ?”

“ಒಪ್ಪದೆ ಏನ್ಮಾಡ್ತಾರೆ? ಮರದ ಕೆಳಗಿನ ನಮ್ಮ ಗಾಡಿಗೆ ನಿನ್ನೆ ಕರೆಂಟೂ ಎಳೆದ್ರು. ಇವತ್ತು ಹಳೇದು ಕೊಟ್ಟು ಹೊಸದು ತರೋದೇ!”

“ನಮ್ಮ ಸೊಸೆಗೆ ಬಾಯೇ ಇಲ್ಲ ಅಂತ ಅಮ್ಮ ಊರೆಲ್ಲ ಹೊಗಳ್ತಿದ್ಳಲ್ಲೇ!”

“ಹೊಗಳ್ಲಿ ಬಿಡು, ಮನೇಲಿ ಈಗ್ಲೂ ಇಲ್ಲ.”

ಸ್ಟಾಪು ಬಂತು. ನಾದಿನಿ ಮೊದಲು ಎದ್ದು ಕೈ ಚಾಚಿದಳು.

“ಭಾರ ಇದೆ, ಇತ್ತ ಕೊಡು. ನೀನು ಹುಷಾರಾಗಿ ಇಳಿ.”

“ಹೊಸದು ಕೈಗೆ ಬರೋವರೆಗೂ ನಿಂಗೂ ಕೊಡಲ್ಲ, ಹೋಗೇ!”

ಇಬ್ಬರೂ ನಗುತ್ತಲೇ ಇಳಿದರು. ಪೆಟ್ಟಿಗೆ ಅತ್ತಿಗೆಯ ಸೊಂಟದ ಮೇಲೇ ಇತ್ತು.