ಗಿಳಿಯ ಕಣ್ಣು ನೀನಿಡು
ಸಭೆಗೆ ದಯಮಾಡಿಸಿರುವ ಹಿರಿಯರೇ, ತಾಯಂದಿರೇ — ಬೊಮ್ಮಣ್ಣನ ಮನೆಯೋರಾದ ಹೊನ್ನಕ್ಕಾ, ನಿಮಗೂ ಮಕ್ಕಳಿಗೂ ನನ್ನ ಶರಣು. ನಾನು ಅಜ್ಜಪ್ಪ. ಹನ್ನೊಂದು ದಿನದ ಕೆಳಗೆ ನಮ್ಮನ್ನ ಬಿಟ್ಟುಹೋದ ಬೊಮ್ಮಣ್ಣನ ಜೊತೆ ಇಪ್ಪತ್ತೆರಡು ವರ್ಷ ಒಂದೇ ಹಲಗೆ ಮೇಲೆ ನಿಂತು ಗೋಡೆಗೆ ಬಣ್ಣದ ಚಿತ್ರ ಬರೆದೋನು. ಅವನು ಅಂತಲೇ ಅಂತೀನಿ, ಬಹುವಚನ ಹಚ್ಚಿದ್ರೆ ಬೈಯೋನು. ನನಗೆ ಭಾಷಣ ಮಾಡಿ ರೂಢಿ ಇಲ್ಲ. ಅದರ ಮೇಲೆ, ಇವತ್ತು ಭಯ ಆಗೈತೆ. ಯಾಕಂತ ಹೇಳ್ತೀನಿ — ಸ್ವಲ್ಪ ತಾಳ್ರಿ.

ಇಲ್ಲಿ ಕೂತಿರೋ ಅರ್ಧ ಜನರ ನಡುಮನೇಲಿ ಅವನ ಕೈಕೆಲಸ ಐತೆ. ಆನೆಕೊಂಡದ ಉಜ್ಜನಪ್ಪನವರ ಮನೆಯ ಬಳ್ಳಿ ನೋಡಿದ್ದೀರಿ — ಈ ಮೂಲೆಯಿಂದ ಹೊರಟು, ಹಿಂಗೆ, ಬಾಗಿಲ ಮೇಲೆ ಹಾಯ್ದು, ಆ ಮೂಲೆ ತನಕ. ಎಡಗೈಲಿ ತೋರಿಸ್ತಿದ್ದೀನಿ, ಮನ್ನಿಸ್ರಿ. ಅಳತೆ ಇಲ್ಲ, ಗೆರೆ ಇಲ್ಲ. ಅಂಥ ಕೈ ಅದು.

ಅಂಥೋನು ಮೂರು ವರ್ಷದ ಕೆಳಗೆ, ಐವತ್ತೊಂಬತ್ತನೇ ಇಸವೀಲಿ ಒಂದು ದಿನ, ದಪ್ಪ ಕಾಗದಕ್ಕೆ ಎಣ್ಣೆ ಹಚ್ಚಿ, ಗಿಳಿ ಕತ್ತರಿಸಿ ಅಚ್ಚು ಮಾಡ್ಕೊಂಡು ಬಂದ. ಗೋಡೆಗೆ ಹಿಡಿದು ಬಣ್ಣ ಒತ್ತಿದ್ರೆ ಒಂದು ಗಿಳಿ. ಮತ್ತೆ ಒತ್ತಿದ್ರೆ ಮತ್ತೊಂದು. ಸೋಮಾರಿ ಆದೆಯಾ ಅಂತ ನಾಲ್ಕು ಜನರ ಮುಂದೆ ಆಡಿಕೊಂಡೆ. ಅವನು ನಕ್ಕು, ಜನಕ್ಕೆ ಈಗ ಇದೇ ಬೇಕಂತೆ ಕಣೋ ಅಂದ. ನೀವೂ ಬೇಕು ಅಂದ್ರಿ. ದಾವಣಗೆರೆ ತುಂಬ ಗಿಳಿ ಆದವು.

ಅಚ್ಚಿನಲ್ಲಿ ಗಿಳಿಯ ಮೈ ಬರ್ತದೆ, ಕಣ್ಣು ಬರಲ್ಲ. ಬಿಳಿ ಸುತ್ತು, ನಡುವೆ ಕರಿ ಚುಕ್ಕೆ — ಅದನ್ನ ಕೈಯಲ್ಲೇ ಇಡಬೇಕು. ಪ್ರತಿ ಸಲ ಬ್ರಷ್ ನನ್ನ ಕಡೆ ಚಾಚಿ, "ಕಣ್ಣು ನೀನಿಡು, ಅಜ್ಜಪ್ಪ" ಅನ್ನೋನು. ನನ್ನ ಕೈ ಅಂದ್ರೆ ಅವನಿಗೆ ಎಷ್ಟು ಮೆಚ್ಚುಗೆ ಅಂತ ಬೀಗಿದೆ. ಬಜಾರದಲ್ಲೆಲ್ಲ ಹೇಳ್ಕೊಂಡು ತಿರುಗಿದೆ.

ಹೋದ ತಿಂಗಳು ಹರಿಹರದಲ್ಲಿ ಪಂಚಾಕ್ಷರಪ್ಪನವರ ಮನೆ ಕೆಲಸ. ನನಗೆ ರೈಲು ತಪ್ಪಿತು. ಹೋಗೋ ಹೊತ್ತಿಗೆ ಬೊಮ್ಮಣ್ಣ ಗೋಡೆ ಕೆಳಗೆ ಕೂತಿದ್ದ. ಕಾದು ಸಾಕಾಗಿ ಒಂದು ಗಿಳಿಗೆ ತಾನೇ ಕಣ್ಣಿಡೋಕೆ ಹೋಗಿದ್ದ. ಕರಿ ಬಣ್ಣ ಕೊಕ್ಕಿನ ತನಕ ಎಳೆದಿತ್ತು. ಅವನ ಬಲಗೈ ತೊಡೆ ಮೇಲೆ — ತಾನಾಗೇ ನಡುಗ್ತಿತ್ತು. "ಮೂರು ವರ್ಷ ಆತು. ಯಾರಿಗೂ ಹೇಳಬ್ಯಾಡ," ಅಂದ.

ಹೇಳಲಿಲ್ಲ. ಹೊಟ್ಟೆನೋವು ಅಂತ ಅವನು ಹಾಸಿಗೆ ಹಿಡಿದಾಗಲೂ ಹೇಳಲಿಲ್ಲ. ಅವನು ಹೋದ ಮೇಲೆ ಹೊನ್ನಕ್ಕ ಹೇಳಿದ್ರು. ನಾವು ಎಣ್ಣೆ ಹಾಕಿ ಬರಿಗೈಲಿ ನಾದೋ ಬಿಳಿ ಪುಡೀಲಿ ಸೀಸ ಐತಂತೆ. ಆ ವಿಷ ಮೈಗೆ ಇಳಿದು ಕೈ, ಹೊಟ್ಟೆ ಎರಡನ್ನೂ ಹಿಡಿದಿತ್ತಂತೆ. ನಿನ್ನ ಜೊತೆ ಇನ್ಯಾರು ನಾದ್ತಾರೆ ಅಂತ ಡಾಕ್ಟರು ಕೇಳಿದ್ರಂತೆ. ಯಾರೂ ಇಲ್ಲ, ನಾನೊಬ್ಬನೇ ಅಂದನಂತೆ ಬೊಮ್ಮಣ್ಣ. ಈ ಅಜ್ಜಪ್ಪನ ಕೆಲಸಕ್ಕೆ ಕುತ್ತು ಬರಬಾರದು ಅಂತ.

ಪಂಚಾಕ್ಷರಪ್ಪನವರೇ, ನಿಮ್ಮ ಗೋಡೇಲಿ ಇನ್ನೂ ನಾಲ್ಕು ಗಿಳಿಗೆ ಕಣ್ಣಿಲ್ಲ. ಮಗಳ ಲಗ್ನ ಹತ್ತಿರ ಬಂತು ಅಂತ ಎರಡು ಸಲ ಹೇಳಿಕಳಿಸಿದ್ರಿ. ದುಃಖದಲ್ಲಿದ್ದೀನಿ ಅಂದೆ. ಅದು ಸುಳ್ಳಲ್ಲ, ಪೂರ್ತಿ ನಿಜಾನೂ ಅಲ್ಲ. ಸೋಮವಾರ ಬಂದಿದ್ದೆ. ಬ್ರಷ್ ಎತ್ತಿದೆ — ಇಳಿಸಿದೆ — ಎದ್ದು ಬಂದೆ.

ಬಂದಾಗಿಂದ ಈ ಬಲಗೈ ಟವಲ್ ಕೆಳಗೆ ಇಟ್ಕೊಂಡಿದ್ದೀನಿ. ಇದನ್ನ ತೋರಿಸಿದ್ರೆ ನಾಳೆಯಿಂದ ನನಗೆ ಯಾರೂ ಗೋಡೆ ಕೊಡೋದಿಲ್ಲ, ಗೊತ್ತೈತೆ. ಆದ್ರೆ ಹಿಂದಿನ ಸಾಲಲ್ಲಿ ನಮ್ಮ ಕಸುಬಿನೋರು ಎಂಟು ಜನ ಕೂತಿದ್ದೀರಿ. ನಾಳೆ ಬೆಳಗ್ಗೆ ಮತ್ತೆ ಅದೇ ಪುಡಿ ನಾದ್ತೀರಿ.

ಎಲ್ಲರೂ ಎದ್ದು ನಿಲ್ಲಬೇಕು ಅಂತ ಕೇಳ್ಕೊಳ್ತೀನಿ. ಬೊಮ್ಮಣ್ಣನ ನೆನೆದು ಎರಡು ನಿಮಿಷ ಮೌನವಾಗಿರೋಣ. ಉಳಿದೋರು ಕೈ ಮುಗಿದು ನಿಲ್ರಿ. ಬಣ್ಣದ ಕೆಲಸದೋರು ಮಾತ್ರ ಬಲಗೈ ಮುಂದಕ್ಕೆ ಚಾಚ್ರಿ — ನಿಮ್ಮ ಕೈ ನಿಂತೈತೋ ಇಲ್ಲೋ, ನೀವೇ ನೋಡ್ಕೊಳ್ರಿ. ಇಗೋ, ಟವಲ್ ತೆಗೀತೀನಿ. ನಾನೂ ಚಾಚ್ತೀನಿ.