ಇರ್ಮಾ ಮಾರಿದ ಗಿಟಾರ್

ಇಸ್ಪೀಟು ಕೆಳಗಿಡಿ. ಈ ಕತೆ ಹೇಳೋವಾಗ ನನಗೆ ಎಲೆ ಕಡೆ ಗಮನ ಇರಲ್ಲ, ಆಮೇಲೆ ಸೋತಳು ಅಂತ ನೀವೇ ನಗ್ತೀರ. ಅಡುಗೆಮನೆ ದೀಪ ಹಾಗೇ ಇರಲಿ, ಆರಿಸ್ಬೇಡಿ.

ನಮ್ಮ ಚಿಕ್ಕಪ್ಪನ ಮಗ ಡೆಲ್ಮರ್ ಗೊತ್ತಲ್ಲ... ಸಕ್ಕರೆ ಕಾರ್ಖಾನೆಗೆ ಬೀಟ್ ಗೆಡ್ಡೆ ಲಾರಿ ಓಡಿಸೋನು, ಶನಿವಾರ ಬಾರಲ್ಲಿ ಗಿಟಾರ್ ಬಾರಿಸೋನು. ಅವನಿಗೆ ಆಗಿದ್ದು ಇದು. ಮೂರು ವರ್ಷದ ಹಿಂದೆ, ಅಕ್ಟೋಬರ್ ತಿಂಗಳು. ಅರ್ಧ ನಾನೇ ಕಿವಿಯಾರೆ ಕೇಳಿದ್ದೀನಿ. ಅದಕ್ಕೇ ಹೇಳ್ತೀನಿ, ನಡುವೆ ಯಾರೂ ಕುಡಿದಿದ್ದನಾ ಅಂತ ಕೇಳ್ಬೇಡಿ. ಕುಡಿದಿರಲಿಲ್ಲ.

ರಾತ್ರಿ ಹತ್ತೂವರೆ. ಡೆಲ್ಮರ್ ಬೀಟ್ ಹೊಲದ ಪಕ್ಕದ ರಸ್ತೇಲಿ ಒಬ್ಬನೇ ನಡ್ಕೊಂಡು ಬರ್ತಿದ್ದ. ಕೈಯಲ್ಲಿ ಗಿಟಾರ್ ಪೆಟ್ಟಿಗೆ. ಅವನ ಟ್ರಕ್ಕಿನ ಬ್ಯಾಟರಿ ಗಿಟಾರ್ ಮಾರಿದವಳ ಮನೆ ಮುಂದೇನೇ ಕೈ ಕೊಟ್ಟಿತ್ತು. ದೂರದಲ್ಲಿ ಕಾರ್ಖಾನೆ ಗುಂಯ್... ಅಂತಿತ್ತು. ಬೇರೆ ಸದ್ದಿಲ್ಲ. ಮುಚ್ಚಿಹೋದ ಶಾಲೆ ಹತ್ರ ಕೈಪಂಪಿನ ಹಳೇ ಬಾವಿ ಇದೆಯಲ್ಲ, ಅದರ ಕಟ್ಟೆ ಮೇಲೆ ಪೆಟ್ಟಿಗೆ ಇಟ್ಟು ಕೂತ. ಸುಸ್ತಾಗಿತ್ತು ಅಂದ. ಸುಸ್ತೂ ಇಲ್ಲ ಗಿಸ್ತೂ ಇಲ್ಲ. ಹೊಸದಾಗಿ ಕೊಂಡ ಗಿಟಾರನ್ನ ಇನ್ನೊಂದು ಸಲ ನೋಡ್ದೆ ಇರೋಕೆ ಈ ಗಂಡಸರಿಗೆ ಆಗಲ್ಲ.

ಮಾರಿದವಳು ಇರ್ಮಾ. ಅರವತ್ತು ದಾಟಿದೆ, ಗಂಡ ಹಾರ್ಲನ್ ತೀರಿಹೋಗಿ ಒಂದು ವರ್ಷದ ಮೇಲಾಗಿತ್ತು. "ಹಳೇ ಎಲೆಕ್ಟ್ರಿಕ್ ಗಿಟಾರ್, ಬಿಡಿಭಾಗ ಎಲ್ಲಾ ಹೊಸದು, ಬೆಲೆ ಬಾಳೋವು" ಅಂತ ಜಾಹೀರಾತು ಕೊಟ್ಟಿದ್ದಳು. ಡೆಲ್ಮರ್ ಇಂಥದ್ದಕ್ಕೇ ಕಾಯೋನು. ಅಗ್ಗಕ್ಕೆ ಕೊಳ್ಳೋದು, ಒರೆಸಿ ತಿಕ್ಕಿ ಹೆಚ್ಚಿಗೆ ಮಾರೋದು. ಅವಳ ಅಡುಗೆಮನೆ ಮೇಜಿನ ಮೇಲೆ ಗಿಟಾರ್ ತಿರುಗಿಸಿ ತಿರುಗಿಸಿ ನೋಡಿದ. ತಂತಿ ಬಿಗಿಯೋ ಆರು ಬಿರಡೆಗಳೂ ಹೊಸವು. ಹಿಂದುಗಡೆ ತಿರುಪು ಇರೋ ಬೀಗದ ಬಿರಡೆಗಳು, ತಂತಿ ಕಚ್ಚಿಕೊಂಡರೆ ಕೂದಲೆಳೆಯಷ್ಟೂ ಜಾರಲ್ಲ. ತಂತಿ ಕೂರೋ ಕುದುರೆ ಹೊಸದು. ಸದ್ದು ಹಿಡಿಯೋ ಪಿಕಪ್ಪೂ ಹೊಸದು.

"ಇಷ್ಟೆಲ್ಲ ಬದಲಾಯಿಸಿದ್ದು ಯಾರು?"

"ನಮ್ಮ ಹಾರ್ಲನ್."

"ಒಳ್ಳೇ ಕೈ ನಿಮ್ಮವರದು."

ಇರ್ಮಾ ಗಿಟಾರಿನ ಮೇಲೆ ಒಂದು ಸಲ ಕೈ ಆಡಿಸಿದಳು. ಆಮೇಲೆ, "ಹೂಂ... ಇತ್ತು" ಅಂದಳು.

"ಯಾಕೆ ಮಾರ್ತಿದ್ದೀರ?"

"ಕಾದೆ ಕಣಪ್ಪ. ಹದಿನಾಲ್ಕು ತಿಂಗಳು ಕಾದೆ. ಇನ್ನು ಸಾಕು."

ಏನಕ್ಕೆ ಕಾದಳು ಅಂತ ನಮ್ಮ ಪೆದ್ದ ಕೇಳಲಿಲ್ಲ. ಅವಳು ಪೆಟ್ಟಿಗೆ ಮುಚ್ಚಿ, ನಾಲ್ಕೂ ಚಿಲಕ ತಾನೇ ಹಾಕಿ, ಮೇಲೆ ಎರಡು ಸಲ ತಟ್ಟಿದಳಂತೆ. ಮಗು ಬೆನ್ನು ತಟ್ಟಿದ ಹಾಗೆ.

ಈಗ ಬಾವಿ ಕಟ್ಟೆಗೆ ಬನ್ನಿ. ಡೆಲ್ಮರ್ ಚಿಲಕ ತೆಗೆದ. ಟಕ್. ಟಕ್. ಟಕ್... ಟಕ್. ಮುಚ್ಚಳ ಎತ್ತಿದ.

ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟರು.

"ಉಸ್ಸ್ಸ್..." ಅಂತ. ಹೆದರಿಸೋ ಉಸಿರಲ್ಲ. ಎರಡು ಪಾಳಿ ದುಡಿದು ಬಂದೋನು ಬಿಗಿ ಬೂಟು ಕಳಚಿದಾಗ ಬಿಡೋ ಉಸಿರು. ಡೆಲ್ಮರ್ ತಿರುಗಿದ. ಬಾವಿ ಪಂಪು, ಅದರ ಹಿಡಿ ಮೇಲೆ ಇಬ್ಬನಿ... ಅಷ್ಟೇ. ಯಾರೂ ಇಲ್ಲ.

ಪೆಟ್ಟಿಗೆಯ ಸಣ್ಣ ಅರೆಯಲ್ಲಿ ಒಂದು ನಾಣ್ಯ ಸಿಕ್ಕಿತು, ಕಾಲು ಡಾಲರಿಂದು. ಒಂದು ಕಡೆ ಕೆಂಪು ಉಗುರುಬಣ್ಣ ಬಳಿದಿತ್ತು. ಅದನ್ನ ಜೇಬಿಗೆ ಹಾಕ್ಕೊಂಡು, ಚಿಲಕ ಹಾಕಿ ನಡೆದೆ ಅಂದ. ನಡೆದದ್ದಲ್ಲ, ಓಡಿದ್ದಾನೆ. ನನಗೆ ಗೊತ್ತಿಲ್ವಾ ಅವನು.

ಮನೆಗೆ ಬಂದು ಮೊದಲು ಮಾಡಿದ್ದು ಹಳೇ ತಂತಿ ಕತ್ತರಿಸಿದ್ದು. ಹಳೇ ಗಿಟಾರ್ ಕೊಂಡೋರೆಲ್ಲ ಹಾಗೇನೇ. ಇನ್ನೊಬ್ಬರ ಬೆವರಿನ ತಂತಿ ಮೇಲೆ ಯಾರೂ ಬೆರಳಿಡಲ್ಲ. ಅದರ ಶ್ರುತಿನೂ ವಿಚಿತ್ರವಾಗಿತ್ತಂತೆ. ಎಲ್ಲೂ ಒತ್ತದೆ ಸುಮ್ಮನೆ ಎಳೆದರೂ ಆರು ತಂತೀನೂ ಕೂಡಿ ಹಾಡಿನ ತರ ನುಡೀತಿತ್ತು. ಇದೇನು ಅಂತ ಬೈಕೊಂಡು, ಹೊಸ ತಂತಿ ಹಾಕಿ, ಎಲ್ಲರೂ ಇಡೋ ಶ್ರುತಿಗೆ ತಂದ. ಗೋಡೆ ಪಕ್ಕ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಮಲಗಿದ. ಬೆಳಿಗ್ಗೆ ಲಾಂಡ್ರಿಗೆ ಹೋದಾಗ, ನಾಣ್ಯ ಹಾಕಿದರೆ ಬಟ್ಟೆ ಒಗೆಯೋ ಯಂತ್ರ ಇರುತ್ತಲ್ಲ, ಅದಕ್ಕೆ ಆ ಕೆಂಪು ನಾಣ್ಯನೇ ಹಾಕಿದ.

ಅವತ್ತು ಸಂಜೆ ಗಿಟಾರ್ ಎತ್ತಿಕೊಂಡರೆ... ಮತ್ತೆ ಅದೇ ಹಳೇ ಶ್ರುತಿ.

ಸರಿಮಾಡಿದ. ಮಾರನೇ ದಿನ ಮತ್ತೆ ಅದೇ. ಮೂರನೇ ದಿನ ನನಗೆ ಫೋನ್ ಮಾಡಿದ.

"ಲೊರೆಟ್ಟಾ, ಒಂದು ರಾತ್ರಿ ಇಲ್ಲಿ ಬಂದು ಮಲಗ್ತೀಯ?"

"ಯಾಕೋ, ಇಲಿ ಬಂದಿದೆಯಾ?"

"ಇಲಿಗೆ ಶ್ರುತಿ ಮಾಡೋಕೆ ಬರಲ್ಲ ಕಣೇ."

ಅವನ ದನಿ ಕೇಳಿ ನನ್ನ ನಗು ನಿಂತಿತು. ಹೋದೆ. ಅವನಿಗಾಗಿ ಜಿಂಕೆ ಮಾಂಸದ ಸಾರು ತಗೊಂಡು ಹೋಗಿದ್ದೆ, ಇಬ್ಬರೂ ತಿನ್ನಲಿಲ್ಲ. ದೀಪ ಆರಿಸಿ ಅಡುಗೆಮನೇಲಿ ಕೂತ್ವಿ. ಎಲ್ಲರ ಶ್ರುತಿಗೆ ತಂದಿಟ್ಟ ಗಿಟಾರ್ ಪಕ್ಕದ ಕೋಣೇಲಿತ್ತು, ಬಾಗಿಲು ತೆರೆದೇ ಇತ್ತು. ಹನ್ನೆರಡು ಹೊಡೀತು. ಹನ್ನೆರಡೂಕಾಲು...

ಟಿಕ್.

ಬಿರಡೆ ತಿರುಗಿದ ಸದ್ದು. ಆಮೇಲೆ ತಂತಿ. ಟುಂ... ಟುಊಂ... ದನಿ ಮೆಲ್ಲಗೆ ಕೆಳಗಿಳೀತು. ಟಿಕ್... ಟುಊಂ... ಒಂದಾದ ಮೇಲೊಂದು. ತಾಳ್ಮೆಯಿಂದ. ನನ್ನ ಕೈ ಡೆಲ್ಮರ್ ತೋಳು ಹಿಡಿದಿದ್ದು ನನಗೇ ಗೊತ್ತಾಗಲಿಲ್ಲ.

"ಕೇಳ್ತಾ?" ಅಂತ ಪಿಸುಗುಟ್ಟಿದ.

"ಸುಮ್ಮನಿರು."

ಆಮೇಲೆ ನುಡಿಸೋಕೆ ಶುರುವಾಯ್ತು. ಎಲೆಕ್ಟ್ರಿಕ್ ಗಿಟಾರಿಗೆ ಕರೆಂಟ್ ಕೊಡದಿದ್ರೆ ಸದ್ದೇ ಇರಲ್ಲ. ಸೊಳ್ಳೆ ಗುಂಯ್‌ಗುಟ್ಟಿದಷ್ಟು. ಒಂದೇ ಬೆರಳಲ್ಲಿ ಎಳೆದ ಹಾಗಿತ್ತು. ಝಂ... ಝಂ... ಝಂ... ತುಂಬಾ ನಿಧಾನ. ನಾಲ್ಕು ಸಾಲು ನಡೆದು, ಐದನೇದರ ನಡುವೆ ನಿಂತುಹೋಯ್ತು. ಸ್ವಲ್ಪ ಹೊತ್ತು ಏನೂ ಇಲ್ಲ... ಮತ್ತೆ ಮೊದಲಿಂದ. ಮತ್ತೆ ಅಲ್ಲೇ ನಿಂತಿತು. ಹನ್ನೊಂದು ಸಲ ಎಣಿಸಿದೆ. ಹನ್ನೊಂದೂ ಸಲ ಅದೇ ಜಾಗ.

ನಿಮಗೊಂದು ಮಾತು ಹೇಳ್ಲಾ? ಏಳನೇ ಸಲಕ್ಕೆ ನನಗೆ ಭಯ ಹೋಗಿ ಅಳು ಬಂತು. ಯಾಕೆ ಅಂತ ಆಗ ಗೊತ್ತಿರಲಿಲ್ಲ.

ಬೆಳಗಾದ ಮೇಲೆ ಗಿಟಾರ್ ತಗೊಂಡು ಇಬ್ಬರೂ ಇರ್ಮಾ ಮನೆಗೆ ಹೋದ್ವಿ. ಬಾಗಿಲು ತೆಗೆದವಳು ಪೆಟ್ಟಿಗೆ ನೋಡಿ, "ಏನಾದ್ರೂ ಕೆಟ್ಟಿದೆಯಾ?" ಅಂದಳು.

ಡೆಲ್ಮರ್ ಟೋಪಿ ತೆಗೆದ. "ಕೆಟ್ಟಿಲ್ಲ. ಅದು... ರಾತ್ರಿ ನುಡಿಯುತ್ತೆ."

ಅವಳು ಅಲ್ಲೇ ಕುರ್ಚಿ ಹಿಡ್ಕೊಂಡು ಕೂತಳು. ಏನು ನುಡಿಯುತ್ತೆ ಅಂತ ಕೇಳಿದಳು. ಡೆಲ್ಮರ್ ಗಿಟಾರ್ ತೆಗೆದು, ಒಂದೇ ಬೆರಳಲ್ಲಿ ಆ ನಾಲ್ಕು ಸಾಲು ಬಾರಿಸಿ ಐದನೇದರಲ್ಲಿ ನಿಲ್ಲಿಸಿದ.

"ಅಲ್ಲಿಂದ ಮುಂದೆ ಎರಡು ಬೆರಳು ಬೇಕು" ಅಂದಳು ಇರ್ಮಾ.

ಆಮೇಲೆ ಹೇಳಿದಳು. ಹಾರ್ಲನ್ನಿಗೆ ನರದ ಕಾಯಿಲೆ. ಬೆರಳುಗಳು ಒಂದೊಂದೇ ಹೋದವು. "ಮೊದಲು ಕಿರುಬೆರಳು. ತಂತಿ ಸುತ್ತಿ ಸುತ್ತಿ ಕಟ್ಟೋಕೆ ಆಗ್ತಿರಲಿಲ್ಲ, ಈ ಬೀಗದ ಬಿರಡೆ ತರಿಸಿದ. ಅದರ ತಿರುಪು ಹಿಡಿಯೋಕೂ ಆಗದೆ ಹೋದಾಗ ನಾಣ್ಯ ಇಟ್ಟು ತಿರುಗಿಸ್ತಿದ್ದ. ಕಾಫಿಗೆ ಖರ್ಚು ಮಾಡಿಬಿಡ್ತಾನೆ ಅಂತ ನಾನೇ ಅದಕ್ಕೆ ಉಗುರುಬಣ್ಣ ಹಚ್ಚಿ ಕೊಟ್ಟಿದ್ದೆ. ಆಮೇಲೆ ಇನ್ನೊಂದು ಬೆರಳು. ಒತ್ತೋಕೆ ಬಲ ಇಲ್ಲ, ಕುದುರೆ ಬದಲಾಯಿಸಿ ತಂತಿ ತಗ್ಗಿಸಿದ. ಆಮೇಲೆ ಬಲಗೈ. ಮೆಲ್ಲಗೆ ಮುಟ್ಟಿದರೂ ಕೇಳಲಿ ಅಂತ ಆ ಪಿಕಪ್ಪು. ಕೊನೇಗೆ ಒಂದು ಬೆರಳು ಉಳೀತು... ಶ್ರುತಿಯನ್ನೇ ಬದಲಾಯಿಸಿದ."

ಡೆಲ್ಮರ್ ತಲೆ ಬಗ್ಗಿಸಿದ್ದ. ಅವನು ಆ ಬಿಡಿಭಾಗಗಳಿಗೆ ಒಂದೊಂದಾಗಿ ಬೆಲೆ ಕಟ್ಟಿದ್ದ ಅಲ್ವಾ. ನಾಣ್ಯ ಏನಾಯ್ತು ಅಂತ ಅವಳು ಕೇಳಲಿಲ್ಲ. ಅವನೇ ಹೇಳಿದ. ಹೇಳಿ ಅತ್ತುಬಿಟ್ಟ, ಐವತ್ತೆರಡು ವರ್ಷದ ಗಂಡಸು.

"ಹೋಗಲಿ ಬಿಡು" ಅಂದಳು. "ನಮ್ಮ ಮದುವೆ ಆಗಿ ನಲವತ್ತು ವರ್ಷ ಆಗೋ ದಿನಕ್ಕೆ ಆ ಹಾಡು ಕಲೀತಿದ್ದ. ಎಡವೋದು ನನಗೆ ಕೇಳಬಾರದು ಅಂತ ನಾನು ಮಲಗಿದ ಮೇಲೆ ನುಡಿಸ್ತಿದ್ದ. ನಾನು ನಿದ್ದೆ ಬಂದ ಹಾಗೆ ನಟಿಸಿ ಕೇಳ್ತಿದ್ದೆ. ಅವನು ಹೋದ ಮೇಲೆ ಪ್ರತಿ ರಾತ್ರಿ ಕಿವಿಗೊಟ್ಟು ಕೂತೆ. ಒಂದು ಸಲ ಬಂದಾನು ಅಂತ... ಬರಲಿಲ್ಲ. ನನ್ನ ಮೇಲೆ ಏನೋ ಬೇಜಾರು ಅಂದ್ಕೊಂಡೆ. ಅದಕ್ಕೇ ಮಾರಿದೆ." ಆಮೇಲೆ ಕೇಳಿದಳು, "ನಿಮ್ಮ ಮನೇಲಿ ಎಲ್ಲಿಟ್ಟಿದ್ದೆ ಇದನ್ನ?"

"ಹೊರಗೇ. ಸ್ಟ್ಯಾಂಡಿನ ಮೇಲೆ."

ಅವಳ ಮುಖದ ಬಣ್ಣ ಇಳಿದುಹೋಯ್ತು. "ನಾನು ಪೆಟ್ಟಿಗೇಲಿಟ್ಟಿದ್ದೆ" ಅಂದಳು. "ಧೂಳು ಕೂರಬಾರದು ಅಂತ. ನಾಲ್ಕೂ ಚಿಲಕ ಹಾಕಿ, ಮಂಚದ ಕೆಳಗೆ... ಹದಿನಾಲ್ಕು ತಿಂಗಳು, ನನ್ನ ಕೆಳಗೇ..."

ನಾನು ಬಾವಿ ಕಟ್ಟೆಯ ಆ ಉಸಿರು ನೆನೆಸ್ಕೊಂಡೆ. ಡೆಲ್ಮರ್ ಕೂಡ ನೆನೆಸ್ಕೊಂಡ, ಅವನ ಮುಖದಲ್ಲಿ ಗೊತ್ತಾಯ್ತು. ಇಬ್ಬರೂ ಅವಳಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ, ನೀವೂ ಹೇಳ್ಬೇಡಿ.

ಅವನು ಬಂದರೆ ಗೊತ್ತಾಗಲಿ ಅಂತ ಎಲ್ಲರ ಶ್ರುತಿಗೆ ತಂದು, ಗಿಟಾರ್ ಅವಳಿಗೇ ಬಿಟ್ಟು ಬಂದ್ವಿ; ಡೆಲ್ಮರ್ ತನ್ನ ಸ್ಟ್ಯಾಂಡೂ ತಂದುಕೊಟ್ಟ. ದುಡ್ಡು ವಾಪಸ್ ಕೊಡೋಕೆ ಬಂದಳು, ಡೆಲ್ಮರ್ ಕೈ ಮುಟ್ಟಿಸಲಿಲ್ಲ.

ಅವಳು ಅದನ್ನ ಮಂಚದ ಪಕ್ಕ ನಿಲ್ಲಿಸಿ, ಎದ್ದು ಕೂತಳು. ಒಂಬತ್ತು ರಾತ್ರಿ. ಒಂದು ತಂತೀನೂ ಅಲ್ಲಾಡಲಿಲ್ಲ. ಕಣ್ಣು ಮುಚ್ಚಿ, ಮೊದಲಿನ ಹಾಗೆ ನಟಿಸಿ ನೋಡಿದಳು. ಇಲ್ಲ. ಬದುಕಿದ್ದಾಗ ಮೋಸಹೋಗ್ತಿದ್ದ, ಈಗ ಹೋಗಲ್ಲ. ಹತ್ತನೇ ರಾತ್ರಿ ತಡೀಲಾರದೆ ನಿದ್ದೆ ಹೋದಳು. ಬೆಳಿಗ್ಗೆ ಎದ್ದು ಬೆರಳಾಡಿಸಿದರೆ... ಹಾರ್ಲನ್ನನ ಶ್ರುತಿ.

ನಿಜವಾಗಿ ನಿದ್ದೆ ಬಂದರೆ ಮಾತ್ರ ಬರ್ತಾನೆ. ಬಂದಿದ್ದನ್ನ ಅವಳು ಕೇಳೋ ಹಾಗಿಲ್ಲ. ಕೇಳೋಕೆ ಕೂತರೆ ಬರೋ ಹಾಗಿಲ್ಲ.

ಈಗ ಶನಿವಾರ ಬಾರಿಗೆ ಹೋಗೋ ಮುಂಚೆ ಡೆಲ್ಮರ್ ಅವಳ ಮನೆಗೆ ಹೋಗಿ, ಗಿಟಾರನ್ನ ಎಲ್ಲರ ಶ್ರುತಿಗೆ ತಂದಿಟ್ಟು ಬರ್ತಾನೆ. ಬೆಳಿಗ್ಗೆ ಅದು ಬದಲಾಗಿದ್ದನ್ನ ಅವಳು ನೋಡ್ಲಿ ಅಂತ. ಇರ್ಮಾಗೆ ಅಷ್ಟೇ ಸಿಗೋದು, ವಾರಕ್ಕೊಂದು ಸಲ. ಹೋದ ಶನಿವಾರ ನಾನೂ ಹೋಗಿದ್ದೆ. ಸ್ಟ್ಯಾಂಡಿನ ಕಾಲ ಹತ್ರ ನೆಲದ ಮೇಲೆ ಒಂದು ನಾಣ್ಯ ಬಿದ್ದಿತ್ತು. ಕಾಲು ಡಾಲರಿಂದು, ಒಂದು ಕಡೆ ಕೆಂಪು ಉಗುರುಬಣ್ಣ. ನಾನೇ ಬಗ್ಗಿ ಎತ್ತಿಕೊಂಡೆ, ಈ ಕೈಯಲ್ಲೇ. ಒದ್ದೆ ಇತ್ತು. ಬಟ್ಟೆ ಸೋಪಿನ ವಾಸನೆ ಬರ್ತಿತ್ತು.

ಇರ್ಮಾ ಅದನ್ನ ನನ್ನಿಂದ ತಗೊಂಡು, ಏಪ್ರನ್ನಿನ ತುದೀಲಿ ಒರೆಸಿ, ಗಿಟಾರ್ ಪಕ್ಕ ಇಟ್ಟಳು. "ನೀವು ಹೊರಡಿ ಇನ್ನು" ಅಂದಳು. "ನಾನು ಬೇಗ ಮಲಗ್ಬೇಕು."

ಆಗಿನ್ನೂ ಏಳೂವರೆ. ಹೊರಗೆ ಬೆಳಕಿತ್ತು.